ಎಮ್ಮೆ ತಿಂದ ಹುರಿಹಿಟ್ಟು

ನನ್ನ ಸೊಸೆ ತನ್ನ ಮೊದಲ ಬಸುರಿನಲ್ಲಿ ಹದವಾಗಿ ಹುರಿದು, ಬೀಸಿಸಿ, ನೀಲಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಟ್ಟುಕೊಂಡ ಹಿಟ್ಟನ್ನು ನಾನು ದಿನಾ ಬೆಳಿಗ್ಗೆ ಒಂದೊಂದು ಹಿಡಿ ತೆಗೆದು ಎಮ್ಮೆಯ ಮುಸುರೆಗೆ ಹಾಕಿದೆ. ಅವಳಿಗೆ ನಾನು ಕರ್ರಗೆ ಹುರಿದ ನನ್ನ ಹಿಟ್ಟಿನ ಗಂಜಿ ಕಾಸಿ ಕೊಟ್ಟೆ. ಅವಳು ನಂಬಿ ಕುಡಿದಳು. ಕೂಸು ಸಣ್ಣದಾಗಿ ಹುಟ್ಟಿದಾಗ, ಅದಕ್ಕೆ ಅವಳ ಹಿಟ್ಟೇ ಕಾರಣ ಎಂದು ನಾಲ್ಕು ಮಂದಿಯ ಮುಂದೆ ಅಂದೆ.

ಇಷ್ಟೇ. ಹೇಳಬೇಕಾದದ್ದು ಇಷ್ಟೇ ಇತ್ತು. ಇಷ್ಟನ್ನು ಹೇಳಲು ಐದು ವರ್ಷ ಹಿಡಿಯಿತು — ಈಗ ಬರೆಯುವಾಗಲೂ ಎದ್ದು ಹೋಗಿ ನೀರು ಕುಡಿದು ಬಂದೆ, ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ನೋಡಿ ಬಂದೆ. ಹಾಕಿಯೇ ಇತ್ತು. ಕೂತಲ್ಲಿ ಕೂರಲು ಆಗುತ್ತಿಲ್ಲ ನನಗೆ.

ನನ್ನ ಹೆಸರು ನೀಲಮ್ಮ. ಹುಟ್ಟಿದ್ದು ನಾರಾಯಣಪೇಟೆ, ಕೊಟ್ಟದ್ದು ಮಕ್ತಲಿಗೆ. ಕನ್ನಡ ಶಾಲೆಯಲ್ಲಿ ಓದಿದವಳು, ಹಾಗಾಗಿ ಬರೆಯಲು ಬರುತ್ತದೆ. ನಮ್ಮಪ್ಪ ಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ಆದರೆ ನಮ್ಮ ಮನೆಗೆ ಹೆಸರು ಬಂದದ್ದು ಸೀರೆಯಿಂದಲ್ಲ, ನಮ್ಮವ್ವನ ಹುರಿಹಿಟ್ಟಿನಿಂದ. ಗೋಧಿ, ಜೋಳ, ಕಡಲೆಬೇಳೆ, ಹೆಸರುಕಾಳು — ಒಂದೊಂದನ್ನೂ ಬೇರೆ ಬೇರೆ ಹುರಿದು, ಏಲಕ್ಕಿ ಹಾಕಿ ಬೀಸಿದ ಹಿಟ್ಟು. ಬಸುರಿಗೆ ಅದರ ಗಂಜಿ, ಬಾಣಂತಿಗೆ ಅದರ ಗಂಜಿ, ಹಾಲು ಬಿಡಿಸುವ ಕೂಸಿಗೂ ಅದೇ.

ಮನೆಯಲ್ಲಿ ಬಸುರಿ ಇದ್ದಾಳೆಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಓಣಿಯಲ್ಲಿ ಇರಲಿಲ್ಲ, ದೃಷ್ಟಿಯಾಗುತ್ತದೆ ಎಂದು. ಮೂರು ತಿಂಗಳು ದಾಟಿದ ಮೇಲೆ ಒಂದು ದಿನ ಅಟ್ಟದಿಂದ ಕಬ್ಬಿಣದ ಬಾಣಲೆ ಇಳಿಸಿ ಹಿಟ್ಟಿಗೆ ಹುರಿಯಬೇಕು. ಕಾಳು ಕೆಂಪಾಗಿ, ಕೆಂಪು ಕರಿಗೆ ತಿರುಗುವ ಹೊತ್ತಿಗೆ ವಾಸನೆ ಓಣಿ ದಾಟುತ್ತದೆ. ಆಗ ಆಜೂಬಾಜಿನ ಹೆಂಗಸರು ತಾವಾಗಿಯೇ ಬಂದು, ನಗುತ್ತಾ, ಬಸುರಿಯ ಉಡಿಗೆ ಒಂದು ಹಿಡಿ ಬೆಲ್ಲ ಹಾಕಿ ಹೋಗುತ್ತಾರೆ. ನಮ್ಮವ್ವ ಹುರಿದರೆ ವಾಸನೆ ಮೂರು ಓಣಿ ದಾಟುತ್ತಿತ್ತು ಎಂದು ಹೇಳುತ್ತಿದ್ದರು. ನಾನು ಮಕ್ತಲಿಗೆ ಬಂದ ಮೇಲೆ ಆ ಹೆಸರು ನನಗೆ ಬಂತು. ಯಾರ ಮನೆಯಲ್ಲಿ ಬಸುರಿ ಇದ್ದರೂ 'ನೀಲಕ್ಕನ್ನ ಕರೀರಿ' ಅನ್ನುವರು. ಹುರಿದ ಹದ ಹಿಡಿಯುವ ನನ್ನ ಮೂಗಿನ ಮೇಲೆ ನನಗೆ ಭಾರೀ ಜಂಬ ಇತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಮುಂದಿನದೆಲ್ಲಾ ಅದರಿಂದಲೇ ಹುಟ್ಟಿತು.

ಸುಜಾತಾ ಗದ್ವಾಲದ ಹುಡುಗಿ. ಮಕ್ತಲಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಮಗ ಬಸವರಾಜನ ಹೆಂಡತಿ. ರಸಾಯನಶಾಸ್ತ್ರ ಓದಿದವಳು. ಮನೆಯಲ್ಲಿ ಕನ್ನಡ, ಗೆಳತಿಯರ ಜೊತೆ ಫೋನಿನಲ್ಲಿ ತೆಲುಗು, ಎರಡರಲ್ಲೂ ಮೆತ್ತಗಿನ ಮಾತು. ನನ್ನ ಮಾತು ಒರಟು. ಆದರೂ ನಮ್ಮಿಬ್ಬರ ನಡುವೆ ಜಗಳ ಅಂತ ಇರಲಿಲ್ಲ — ಬಾಣಲೆ ಇಳಿಸುವ ದಿನದವರೆಗೆ.

ಅವತ್ತು ನಾನು ಗೋಧಿ ಹಾಕಿ ಕೈಯಾಡಿಸುತ್ತಿದ್ದೆ. ಅವಳು ಮೂಗಿಗೆ ಸೆರಗು ಹಿಡಿದುಕೊಂಡು ಬಂದು ನಿಂತಳು.

"ಅತ್ತೇರ, ಹೊನ್ನಿನ ಬಣ್ಣ ಬಂದ ಕೂಡ್ಲೆ ಇಳಸ್ರಿ. ಕರ್ರಗ ಆಗೋತನಾ ಬ್ಯಾಡ."

"ಯಾಕ?"

"ಗದ್ವಾಲದಾಗ ಡಾಕ್ಟರಮ್ಮ ಹೇಳ್ಯಾರ್ರಿ. ಕಾಳುಕಡಿ ಕರ್ರಗ ಹುರದ್ರ ಅದರಾಗ ಅಕ್ರಿಲಮೈಡ್ ಅಂತ ಒಂದು ರಸಾಯನ ಹುಟ್ಟತೈತಿ. ತಾಯಿ ತಿಂದಿದ್ದು ಹೊಟ್ಯಾಗಿನ ಕೂಸಿಗೂ ಮುಟ್ಟತೈತಂತ, ಹಡದ ಮ್ಯಾಲ ಎದಿಹಾಲಿನಾಗೂ ಹೋಗತೈತಂತ. ಎಷ್ಟು ಕೆಟ್ಟದ್ದು ಅನ್ನೋದು ಇನ್ನಾ ಪೂರಾ ಗೊತ್ತಿಲ್ಲ. ಗೊತ್ತಿಲ್ಲಂದ ಮ್ಯಾಲ ಕಮ್ಮಿ ಹುರಿಯೋದ ಚಲೋ ಅಲ್ಲೇನ್ರಿ?"

ಎಷ್ಟು ನೇರವಾದ ಮಾತು! ಈಗ ಬರೆಯುವಾಗ ಅದರಲ್ಲಿ ಒಂದು ಅಕ್ಷರವೂ ತಪ್ಪು ಕಾಣುತ್ತಿಲ್ಲ. ಆದರೆ ಅವತ್ತು ನನ್ನ ತಲೆಗೆ ಹೋದದ್ದು ಒಂದೇ — ನನ್ನ ಹಿಟ್ಟಿನಲ್ಲಿ ವಿಷ ಇದೆ ಅಂತಾಳೆ ಇವಳು. ನಮ್ಮವ್ವನ ಹಿಟ್ಟಿನಲ್ಲಿ.

"ನಿನ್ನ ಗಂಡ ಇದನ್ನ ಕುಡದ ಬೆಳದಾನ. ಗುಂಡುಕಲ್ಲಿನಂಗ ಅದಾನ. ಅವಗೇನಾಗೈತಿ?" ಎಂದು ಬಾಣಲೆಯನ್ನು ಅರ್ಧಕ್ಕೇ ಇಳಿಸಿ ಎದ್ದೆ.

ಅವಳು ವಾದ ಮಾಡಲಿಲ್ಲ. ಮರುದಿನ ತಾನೇ ಸಣ್ಣ ಉರಿ ಮಾಡಿ, ಮುಖ ಆ ಕಡೆ ತಿರುಗಿಸಿಕೊಂಡು, ನಡುನಡುವೆ ಹೋಗಿ ವಾಂತಿ ಮಾಡಿ ಬಂದು, ಒಂದೊಂದು ಕಾಳನ್ನೂ ಬಂಗಾರದ ಬಣ್ಣಕ್ಕೆ ಹುರಿದು ಇಳಿಸಿದಳು. ವಾಸನೆ ಹೊಸ್ತಿಲು ಕೂಡ ದಾಟಲಿಲ್ಲ. ಯಾರೂ ಬರಲಿಲ್ಲ. ಸಂಜೆ ಎದುರುಮನೆಯ ಈಶ್ವರಮ್ಮ ಕಟ್ಟೆಯ ಮೇಲೆ ಕೂತು ಕೂಗಿ ಕೇಳಿದಳು — "ಏನ ನೀಲಕ್ಕಾ, ಹುರಿಯೋ ವಾಸನೀನ ಬರವಲ್ತಲ್ಲ? ಸುದ್ದಿ ಸುಳ್ಳೇನು ಮತ್ತ?" ಪಕ್ಕದಲ್ಲಿದ್ದ ಹೆಂಗಸರು ನಕ್ಕರು. ಕೆಟ್ಟ ನಗುವಲ್ಲ, ಸುಮ್ಮನೆ ಚೇಷ್ಟೆ. ನನಗೆ ಮಾತ್ರ ಮೈಯೆಲ್ಲಾ ಉರಿದುಹೋಯಿತು.

ಮರುದಿನವೇ ನಾನು ಹುರಿದೆ. ಹಟಕ್ಕೆ ಹುರಿದೆ. ನಮ್ಮವ್ವನಿಗಿಂತ ಒಂದು ಕೈ ಹೆಚ್ಚು. ಕಡಲೆಬೇಳೆ ಕಾಫಿಪುಡಿಯ ಬಣ್ಣಕ್ಕೆ ಬಂದಿತ್ತು. ಓಣಿಯ ಹೆಂಗಸರೆಲ್ಲಾ ಬಂದರು, ಸುಜಾತಾಳ ಉಡಿಗೆ ಬೆಲ್ಲ ಬಿತ್ತು, ಅವಳೂ ನಕ್ಕಳು. 'ಇದು ನಮಗ, ಮಂದಿಗೆ ಹಂಚಾಕ' ಎಂದು ಅವಳಿಗೆ ಹೇಳಿದೆ. ಅವಳ ಡಬ್ಬಿ ನೀಲಿ ಮುಚ್ಚಳದ್ದು, ನನ್ನದು ಹಿತ್ತಾಳೆ ಡಬ್ಬಿ. ಒಂದೇ ಗೂಡಿನಲ್ಲಿ ಎರಡೂ ಇದ್ದವು.

ಅವಳಿಗೆ ನಾಲ್ಕನೇ ತಿಂಗಳಲ್ಲೂ ವಾಂತಿ ನಿಲ್ಲಲಿಲ್ಲ. ಅಡುಗೆಮನೆಗೆ ಬಂದರೆ ಹೊಟ್ಟೆ ತೊಳಸುತ್ತಿತ್ತು. "ನೀ ಮಲಕ್ಕೋ, ಗಂಜಿ ನಾ ಕಾಸಿ ಕೊಡ್ತೀನಿ" ಅಂದೆ. ಪ್ರೀತಿಯಿಂದಲೇ ಅಂದೆ — ಅಥವಾ ಪ್ರೀತಿಯೂ ಇತ್ತು. ಮೊದಲ ದಿನ ನನ್ನ ಕೈ ನೀಲಿ ಮುಚ್ಚಳದ ಕಡೆಗೇ ಹೋಗಿತ್ತು. ಇದು ಖರೆ. ಮುಚ್ಚಳ ತೆಗೆದೆ, ಮೂಸಿದೆ. ಸಪ್ಪೆ ವಾಸನೆ. ಇದನ್ನು ಕುಡಿದು ಇವಳಿಗೆ ಏನು ಮೈಗೆ ಹತ್ತೀತು ಅನಿಸಿತು. ನನ್ನ ಡಬ್ಬಿಯಿಂದ ಎರಡು ಚಮಚ ಹಾಕಿದೆ. ಬೆಲ್ಲ ಹಾಕಿದ ಮೇಲೆ ಬಣ್ಣ ಯಾರಿಗೆ ತಿಳಿಯುತ್ತದೆ?

ಅವಳು ಒಂದು ಗುಟುಕು ಕುಡಿದು ತಲೆ ಎತ್ತಿದಳು. "ಅತ್ತೇರ, ವಾಸನಿ ಯಾಕೋ ಬ್ಯಾರೆ ಐತಿ."

"ಬೆಲ್ಲ ಕಾಸಿ ಹಾಕೀನವ್ವ, ಬಾಯಿಗೆ ರುಚಿ ಹತ್ಲಿ ಅಂತ."

"ಚಲೋ ಆಗೈತ್ರಿ" ಎಂದು ನಕ್ಕು ಪೂರ್ತಿ ಕುಡಿದಳು.

ಅಲ್ಲಿ ನಿಲ್ಲಿಸಬಹುದಿತ್ತು. ಒಂದು ದಿನದ ಹಟ, ಮುಗಿಯಿತು ಅಂತ. ನಿಲ್ಲಿಸಲಿಲ್ಲ. ನೀಲಿ ಡಬ್ಬಿಯಲ್ಲಿ ಹಿಟ್ಟು ಕಮ್ಮಿಯಾಗದಿದ್ದರೆ ಅನುಮಾನ ಬಂದೀತು ಎಂದು ದಿನಾ ಒಂದು ಹಿಡಿ ಎಮ್ಮೆಗೆ ಹಾಕಿದೆ. ಸೊಸೆ ವಾಂತಿ ಮಾಡುತ್ತಾ ಹುರಿದ ಹಿಟ್ಟನ್ನು ಎಮ್ಮೆ ಮುಸುಮುಸು ಎಂದು ತಿನ್ನುತ್ತಿತ್ತು. ನಾನು ನಿಂತು ನೋಡುತ್ತಿದ್ದೆ, ನನಗೆ — ಹೇಳಿಬಿಡುತ್ತೇನೆ — ಖುಷಿಯಾಗುತ್ತಿತ್ತು. ಗೆದ್ದೆ ಅನಿಸುತ್ತಿತ್ತು. ಯಾರ ಮೇಲೆ? ಆ ಮೆತ್ತಗಿನ ಹುಡುಗಿಯ ಮೇಲೆ!

ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಆಯಿತು, ತವರಿನವರು ಅವಳನ್ನು ಗದ್ವಾಲಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಆ ನೀಲಿ ಮುಚ್ಚಳದ ಡಬ್ಬಿಯನ್ನು ತುಂಬಿ ಕೊಟ್ಟವಳೂ ನಾನೇ. ನನ್ನ ಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ, 'ನಿಂದ ಹಿಟ್ಟು, ಬೆಲ್ಲ ಕಲಸೀನಿ' ಎಂದು ಚೀಲದಲ್ಲಿಟ್ಟೆ.

ಹೆಣ್ಣು ಕೂಸು ಹುಟ್ಟಿತು. ದಿನ ತುಂಬಿತ್ತು, ಮೈ ತುಂಬಿರಲಿಲ್ಲ. ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನಾನೂ ಬಸವರಾಜನೂ ಬಸ್ಸು ಹಿಡಿದು ಹೋದೆವು. ಗಾಜಿನ ಆಚೆಯಿಂದ ನೋಡಿದೆ — ನನ್ನ ಅಂಗೈಯಷ್ಟು ಬೆನ್ನು, ಉಸಿರಿಗೊಮ್ಮೆ ಒಳಗೆ ಹೋಗುವ ಪಕ್ಕೆಲುಬು. ಆಗ ನನಗೆ ಮೊದಲು ನೆನಪಾದದ್ದು ದೇವರಲ್ಲ, ಆ ಎಮ್ಮೆ.

ವಾರ್ಡಿನ ಬಾಗಿಲ ಹೊರಗೆ ಸುಜಾತಾಳ ತಾಯಿ ಶಾಂತಮ್ಮ, ಅವಳ ಚಿಕ್ಕಮ್ಮಂದಿರು, ಇನ್ನೂ ಯಾರೋ ನೆಂಟರು ಕೂತಿದ್ದರು. ಒಬ್ಬ ಮುದುಕಿ ಕೇಳಿದಳು: "ಬಸುರಾಗ ಏನು ತಿಂತಿದ್ಲವ್ವ ಹುಡುಗಿ? ಹಿಂಗ ಕೂಸು ಸೊರಗಬೇಕಂದ್ರ?" ಎಲ್ಲರೂ ನನ್ನ ಕಡೆ ತಿರುಗಿದರು. ತಿಂದದ್ದು ನನ್ನ ಮನೆಯ ಅನ್ನವಲ್ಲವೇ. ಯಾರೋ ಹಿಡಿದುಬಿಟ್ಟರು ಅನಿಸಿತು. ನನ್ನ ಬಾಯಿಂದ ಬಂದದ್ದು ಇದು —

"ನಾ ಹುರದ ಹಿಟ್ಟು ಬ್ಯಾಡಂದ್ಲ್ರಿ. ತಾನ ಅರ್ಧ ಹಸೀದು ಹುರಕೊಂಡು ಕುಡದ್ಲು. ಹೇಳಿದ್ರ ಕೇಳಲಿಲ್ಲ. ತವರಾಗ ಕಲಿಸಿ ಕಳಿಸಬೇಕಿತ್ತು."

ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಸುಜಾತಾ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಶಾಂತಮ್ಮನವರ ತಲೆ ಬಗ್ಗಿತು, ನಾವು ಮಕ್ತಲಿಗೆ ಹೊರಡುವ ತನಕ ಮೇಲೇಳಲಿಲ್ಲ.

ಡಾಕ್ಟರಮ್ಮ ಆಮೇಲೆ ಬಂದು, ತೂಕ ಕಮ್ಮಿಯಾಗಲು ನೂರು ಕಾರಣ ಇರುತ್ತವೆ, ಇದೇ ಎಂದು ಬೊಟ್ಟು ಮಾಡಲು ಬರುವುದಿಲ್ಲ, ಕೂಸು ಚೇತರಿಸಿಕೊಳ್ಳುತ್ತದೆ ಅಂದರು. ಆ ಮಾತನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ವರ್ಷಗಟ್ಟಲೆ ಅದನ್ನೇ ಬಿಚ್ಚಿ ಬಿಚ್ಚಿ ನೋಡಿದೆ. ನೂರು ಕಾರಣ. ನೂರರಲ್ಲಿ ನನ್ನದೇ ಯಾಕಾಗಬೇಕು? — ಇವತ್ತಿಗೂ ನನ್ನ ಹಿಟ್ಟಿನಿಂದಲೇ ಆಯಿತು ಎಂದು ನಾನು ಹೇಳಲಾರೆ. ಆಗಲಿಲ್ಲ ಎಂದು ಹೇಳುವ ಬಾಯಿಯೂ ನನಗಿಲ್ಲ. ಆದರೆ ಅವಳ ಹಿಟ್ಟಿನಿಂದ ಆಗಲಿಲ್ಲ ಅನ್ನುವುದು ಇಡೀ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕೂಸು ಚೇತರಿಸಿಕೊಂಡಿತು. ಸುಜಾತಾ ಚೇತರಿಸಿಕೊಳ್ಳಲಿಲ್ಲ. ಮಕ್ತಲಿಗೆ ಬಂದವಳು ತನ್ನ ಪುಸ್ತಕಗಳನ್ನೆಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿದಳು. ಕೂಸಿಗೆ ಗಂಜಿ ಶುರು ಮಾಡುವ ಹೊತ್ತಿಗೆ, "ನಿಮ್ಮ ಹಿಟ್ಟ ಹಾಕ್ರಿ ಅತ್ತೇರ. ನನ್ನ ಬುದ್ಧೀನ ನಾ ನಂಬಂಗಿಲ್ಲ" ಅಂದಳು.

ಆಗ ನಾನು ಮಾಡಿದ ಕೆಲಸ ಕೇಳಿ. ಕೂಸಿಗೆಂದು ಹುರಿಯುವಾಗ, ಯಾರಿಗೂ ಹೇಳದೆ ಕಾಳನ್ನು ಹೊನ್ನಿನ ಬಣ್ಣಕ್ಕೇ ಇಳಿಸಿದೆ — ಸುಜಾತಾ ಹೇಳಿದ ಹಾಗೆ. ಆದರೆ ಓಣಿಗೆ ವಾಸನೆ ಹೋಗದಿದ್ದರೆ ನೀಲಕ್ಕನ ಹೆಸರೇನಾಗಬೇಕು? ಬೇರೆ ಬಾಣಲೆಯಲ್ಲಿ ಒಂದು ಹಿಡಿ ಕಡಲೆಬೇಳೆ ಸೀಯಿಸಿದೆ, ಬರೀ ವಾಸನೆಗೆ. ಎಲ್ಲರೂ ಹೊಗಳಿದರು. ಸುಜಾತಾ ಕೂಡ, "ನಿಮ್ಮ ಕೈಗುಣಾನ ಬ್ಯಾರೆ ಬಿಡ್ರಿ" ಅಂದಳು. ಅಂದರೆ, 'ತಿಳಿಯಲಿಲ್ಲ, ಹಳೇಕಾಲದವಳು, ಪಾಪ' ಅನ್ನುವ ಮಾತು ನನಗೆ ಸಲ್ಲುವುದಿಲ್ಲ. ತಿಳಿದಿತ್ತು. ತಿಳಿದೇ ಅವಳ ಮಾತನ್ನು ಕದ್ದು ನಡೆಸಿದೆ, ಹೊಗಳಿಕೆ ನಾನು ಇಟ್ಟುಕೊಂಡೆ, ಬೈಗುಳ ಅವಳಿಗೆ ಬಿಟ್ಟೆ.

ಮೊಮ್ಮಗಳು ಚಿನ್ನಿ ಈಗ ಶಾಲೆಗೆ ಹೋಗುತ್ತಾಳೆ. ಕಡ್ಡಿಯಂತಿದ್ದಾಳೆ, ಆದರೆ ನಿಂತಲ್ಲಿ ನಿಲ್ಲುವುದಿಲ್ಲ, ಮಹಾ ತುಂಟಿ. ಅವಳು ಓಡಿ ಬಂದು ನನ್ನ ಮಡಿಲಲ್ಲಿ ಬಿದ್ದಾಗಲೆಲ್ಲಾ ನನ್ನ ಕೈ ತಾನಾಗಿಯೇ ಅವಳ ಪಕ್ಕೆಲುಬು ಹುಡುಕುತ್ತದೆ. "ಅಜ್ಜಿ, ಕಚಗುಳಿ ಆಗತೈತಿ ಬಿಡು!" ಅನ್ನುತ್ತಾಳೆ.

ಹೀಗೇ ಸಾಯುವ ತನಕ ನಡೆದುಬಿಡುತ್ತಿತ್ತೇನೋ. ಆದರೆ ಸುಜಾತಾಳಿಗೆ ಮತ್ತೆ ಮುಟ್ಟು ನಿಂತಿತು. ಮೂರು ತಿಂಗಳು ದಾಟಿದ ಮೇಲೆ ಒಂದು ಬೆಳಿಗ್ಗೆ ಅವಳೇ ಕಬ್ಬಿಣದ ಬಾಣಲೆ ಇಳಿಸಿ, ತಿಕ್ಕಿ ತೊಳೆದು, ನನ್ನ ಮುಂದೆ ತಂದಿಟ್ಟಳು.

"ಈ ಸಲ ನೀವ ಹುರದು ಕೊಡ್ರಿ, ಅತ್ತೇರ. ಕರ್ರಗ. ಓಣಿ ದಾಟಿ ವಾಸನಿ ಹೋಗಬೇಕು. ಹ್ವಾದ ಸಲ ನಾ ಶಾಣ್ಯಾತನ ಮಾಡಾಕ ಹೋಗಿ ಚಿನ್ನೀನ್ನ ಕಳಕೊಳ್ಳಾಕಿ ಇದ್ನಿ."

ಗೋಧಿ ಹಸನು ಮಾಡಿಲ್ಲ ಅಂದೆ. ಅವಳು ಕೂತು ಹಸನು ಮಾಡಿದಳು. ಮಂಡಿ ನೋವು ಅಂದೆ. ಎಣ್ಣೆ ತಿಕ್ಕಿದಳು. ಗಿರಣಿ ಬಂದಾಗಿದೆ ಅಂದೆ, ಅವಳು ಬಸವರಾಜನನ್ನು ಕೇಳಿ, "ಚಾಲೂ ಐತಂತ್ರಿ" ಅಂದಳು. ಆ ದಿನಗಳಲ್ಲಿ ನಾನು ಮನೆಯಲ್ಲಿ ಸುಮ್ಮನೆ ಅತ್ತಿತ್ತ ಓಡಾಡುತ್ತಿದ್ದೆ, ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದು ಹಿಡಿಯುತ್ತಿದ್ದೆ. ಕದ್ದು ಹೊನ್ನಿನ ಬಣ್ಣಕ್ಕೆ ಇಳಿಸಿ, ಬೇರೆ ಬಾಣಲೆಯಲ್ಲಿ ವಾಸನೆ ಎಬ್ಬಿಸಿದರಾಯಿತು ಎಂದೂ ಯೋಚಿಸಿದೆ. ಹಳೇ ಕಸುಬು. ಕೂಸು ಉಳಿಯುತ್ತಿತ್ತು. ಇವಳು? ಇವಳು ಹಾಗೇ ತಲೆ ತಗ್ಗಿಸಿಕೊಂಡು...

ಕೊನೆಗೆ ಒಲೆ ಹಚ್ಚಿದೆವು. ಅವಳು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಗೋಧಿ ಬಂಗಾರದ ಬಣ್ಣಕ್ಕೆ ಬಂತು. ನಾನು ಬಾಣಲೆ ಇಳಿಸಲು ಹೋದೆ.

"ಇನ್ನಷ್ಟ, ಅತ್ತೇರ."

ಕೆಂಪಾಯಿತು.

"ಇನ್ನಷ್ಟ ಹುರೀರಿ. ಹೆದರಬ್ಯಾಡ್ರಿ, ನಾ ಏನೂ ಅನ್ನಂಗಿಲ್ಲ" ಎಂದು ನಕ್ಕಳು. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು.

ನಾನು ಬಾಣಲೆಯನ್ನು ಸೆರಗಿನಲ್ಲೇ ಹಿಡಿದು ಕೆಳಗೆ ಕುಕ್ಕಿದೆ. ಗೋಧಿ ನೆಲಕ್ಕೆಲ್ಲಾ ಚೆಲ್ಲಿತು. "ಸುಜಾತಾ," ಅಂದೆ, "ನಿನ್ನ ಹಿಟ್ಟು ನೀ ಕುಡದೇ ಇಲ್ಲವ್ವ." ಮುಂದಿನದನ್ನೂ ಹೇಳಿದೆ. ಎಲ್ಲಾ. ಕಾಸಿದ ಬೆಲ್ಲದ ಸುಳ್ಳು, ಗದ್ವಾಲಕ್ಕೆ ಕೊಟ್ಟ ಡಬ್ಬಿ, ಕೂಸಿಗೆ ಕದ್ದು ತಿಳಿಯಾಗಿ ಹುರಿದದ್ದು.

ಅವಳು ನೆಲದ ಮೇಲಿನ ಗೋಧಿ ನೋಡಿದಳು. ಆಮೇಲೆ ಕೇಳಿದಳು: "ಮತ್ತ ನಾ ಹುರದಿದ್ದು ಎಲ್ಲಿ ಹೋತ್ರಿ?"

"ಎಮ್ಮಿಗೆ."

"ಎಮ್ಮಿಗೆ," ಅಂದಳು. ಒಂದು ಸಲ ನಗು ಬಂತು ಅವಳಿಗೆ — ನಗುವೋ ಏನೋ. ಎದ್ದು ಒಲೆ ಆರಿಸಿ, ಚಿನ್ನಿಯನ್ನು ಕರೆದುಕೊಂಡು ಕೋಣೆಗೆ ಹೋದಳು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸವರಾಜನಿಗೆ ಅವಳೇ ಹೇಳಿದಳು. ಅವನು ನನ್ನ ಜೊತೆ ಮಾತು ಬಿಟ್ಟ. ಕೆಲವು ದಿನಗಳಾದ ಮೇಲೆ ಸುಜಾತಾ ನನ್ನ ಮುಂದೆ ಬಂದು ನಿಂತು, ಯಾವತ್ತೂ ಇಲ್ಲದ ಗಟ್ಟಿ ದನಿಯಲ್ಲಿ ಹೇಳಿದಳು:

"ನನಗೊಬ್ಬಾಕಿಗೆ ಹೇಳಿದ್ರ ಸಾಕಾಗಂಗಿಲ್ರಿ. ಅಲ್ಲಿ ಅಂದದ್ದು ಸುಳ್ಳಂತ ಅಲ್ಲೇ ಹೋಗಿ ಹೇಳ್ರಿ. ನಮ್ಮವ್ವನ ಮುಂದ."

ಒಬ್ಬಳೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಬಿಚ್ಚಿದೆ, ಮತ್ತೆ ಜೋಡಿಸಿದೆ. 'ನಮ್ಮ ಕಾಲದಾಗ ಹಂಗ ಇತ್ರಿ' ಎಂದು ಶುರುವಾಗುವ ಮಾತುಗಳೇ ಬಾಯಿಗೆ ಬರುತ್ತಿದ್ದವು. ಗದ್ವಾಲದಲ್ಲಿ ಇಳಿಯುವ ಹೊತ್ತಿಗೆ ಅವನ್ನೆಲ್ಲಾ ನುಂಗಿದ್ದೆ.

ಶಾಂತಮ್ಮ ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, ಚಹಾ ತಂದರು. ಸುಜಾತಾ ಅವರಿಗೆ ಫೋನಿನಲ್ಲಿ ಏನೂ ಹೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಒಂದು ದೊಡ್ಡ ಸ್ಟೀಲ್ ಡಬ್ಬಿ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟರು. ಮುಖದಲ್ಲಿ ಒಂಥರಾ ಅಂಜಿಕೆ, ಒಂಥರಾ ಹೆಮ್ಮೆ.

"ಈ ಸಲ ಕಲಿಸಿಲ್ಲ ಅನ್ನಬ್ಯಾಡ್ರಿ ಅಕ್ಕಾರ. ನಾನ ಕುಂತು ಹುರದೀನಿ. ನೀವು ಅಂದಿದ್ರಲ್ಲ, ಹಸೀದು ಆಗಬಾರದಂತ. ನೋಡ್ರಿ, ಹೆಂಗ ಕರ್ರಗ ಆಗೈತಿ."

ಮುಚ್ಚಳ ತೆಗೆದರು. ಅದೇ ವಾಸನೆ. ನಮ್ಮವ್ವನದು, ನನ್ನದು.

ನಾನು ಮುಚ್ಚಳ ಮುಚ್ಚಿ, ಡಬ್ಬಿಯನ್ನು ನನ್ನ ಹಿಂದೆ ಸರಿಸಿ, ಹೇಳಿದೆ. ನಮ್ಮ ಕಾಲ, ನಮ್ಮವ್ವ, ಓಣಿ — ಯಾವುದನ್ನೂ ತರಲಿಲ್ಲ. "ನಿಮ್ಮ ಮಗಳು ಹೇಳಿದ್ದು ಖರೇ ಇತ್ರಿ. ಅಕಿ ಹುರದ ಹಿಟ್ಟು ಅಕಿ ಹೊಟ್ಟಿಗೆ ಹೋಗೇ ಇಲ್ಲ. ನಾ ಬದಲಿ ಮಾಡಿದ್ನಿ. ಆಮ್ಯಾಲ ನಿಮ್ಮೆಲ್ಲಾರ ಮುಂದ ಸುಳ್ಳು ಹೇಳಿದ್ನಿ."

ಶಾಂತಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ನನ್ನನ್ನು ಬೈಯುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ನಾನೂ ಅಂದೀನ್ರಿ ಅಕಿಗೆ," ಅಂದರು. "ನೀವು ಒಂದ ಸಲ ಅಂದ್ರಿ. ನಾ ಅಕಿ ಬಂದಾಗೊಮ್ಮೆ ಅಂದೀನಿ. ನಿನ್ನ ಶಾಣ್ಯಾತನದಿಂದ ಕೂಸು ಸೊರಗಿತು, ನಮ್ಮ ಮಾನಾ ಹೋತು ಅಂತ. ಐದು ವರ್ಷ ಅಂದೀನಿ. ಒಮ್ಮಿನೂ ತಿರಗಿ ಮಾತಾಡ್ಲಿಲ್ಲ ಅಕಿ."

ಇದು ನನಗೆ ಗೊತ್ತಿರಲಿಲ್ಲ. ತವರಿಗೆ ಹೋಗಿ ಬಂದಾಗಲೆಲ್ಲಾ ಅವಳ ಮುಖ ಬಾಡಿರುತ್ತಿತ್ತು, ಪ್ರಯಾಣದ ಆಯಾಸ ಎಂದುಕೊಂಡಿದ್ದೆ.

ಶಾಂತಮ್ಮ ಫೋನ್ ತೆಗೆದುಕೊಂಡು ಮಗಳಿಗೆ ಹಚ್ಚಿದರು. ಆ ಕಡೆಯಿಂದ "ಅವ್ವಾ" ಎಂದದ್ದು ನನಗೂ ಕೇಳಿಸಿತು. "ಅವ್ವಾ? ಹೇಳವ್ವಾ," ಎಂದು ಸುಜಾತಾ ಮತ್ತೆ ಕೇಳುತ್ತಿದ್ದಳು. ನಾನು ಆ ಡಬ್ಬಿ ಎತ್ತಿಕೊಂಡು ಹೊರಗಿನ ಕಟ್ಟೆಗೆ ಬಂದು ಕೂತೆ. ಒಳಗೆ ಅವರು ಇನ್ನೂ ಏನೂ ಅಂದಿರಲಿಲ್ಲ.